ಶೇಂಗಾ ಹೊಲದ ಪಕ್ಕ ನಿಂತ ಕ್ಯಾಮೆರಾ

"ಹೋದ ಸಂಚಿಕೇಲಿ ಆಫ್ರಿಕಾದ ಹೊಸ ಡಾಕ್ಯುಮೆಂಟರಿ ಹುಡುಗರ ಬಗ್ಗೆ ನಾಲ್ಕು ಪುಟ ಬರೆದಿದ್ದೀರಿ, ಅವರಿಗೆ ಫಂಡ್ ಸಿಗಬೇಕು ಅಂತ ಬೇರೆ. ಬಡತನ ತೋರಿಸಿ ಪ್ರಶಸ್ತಿ ಹೊಡೆಯೋ ಕಸುಬಿಗೆ ಯಾಕ್ರೀ ದುಡ್ಡು? ಅದರಲ್ಲಿ ಒಂದು ಬೋರ್‌ವೆಲ್ ಕೊರೆಸಬಹುದು. ನಮಗೂ ಅದಕ್ಕೂ ಏನು ಸಂಬಂಧ? ಹೀಗೇ ಆದ್ರೆ ಚಂದಾ ನಿಲ್ಲಿಸ್ತೀನಿ." — ನಿವೃತ್ತ ಶಿಕ್ಷಕರೊಬ್ಬರು, ಚಳ್ಳಕೆರೆ

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ. ಬೋರ್‌ವೆಲ್ ಮಾತು ಒಪ್ಪಿದೆ, ಚಳ್ಳಕೆರೆಯವರು ನೀರಿನ ವಿಷಯ ಎತ್ತಿದ್ರೆ ಎದುರಾಡೋಕೆ ನಾನ್ಯಾರು. ಬಡತನ ಮಾರೋ ಸಿನಿಮಾಗಳೂ ಇವೆ, ಸುಳ್ಳಲ್ಲ. ಮಗು ಮುಖದ ಮೇಲೆ ನೊಣ ಕೂತಿರೋ ಶಾಟ್ ನಾನೂ ಬೇಕಾದಷ್ಟು ನೋಡಿದ್ದೀನಿ. ಆದ್ರೆ ಆ ಶಾಟ್ ತೆಗೆಯೋರು ಯಾರು ಹೇಳಿ, ಹದಿನೈದು ದಿನಕ್ಕೆ ಬಂದು ಮೂಟೆ ಕಟ್ಕೊಂಡು ವಾಪಸ್ ಹೋಗೋರು. ನಾನು ಫಂಡ್ ಬೇಕು ಅಂದಿದ್ದು ಅವರಿಗಲ್ಲ ಮಾರಾಯ್ರೇ, ಆ ಊರಲ್ಲೇ ಹುಟ್ಟಿ ಅಲ್ಲೇ ಇರೋ ಹುಡುಗ ಹುಡುಗಿಯರಿಗೆ.

ಸಂಬಂಧ ಏನು ಅಂದ್ರಲ್ಲ, ನಿಮಗೇ ಅಂತ ಒಂದು ಕಥೆ ಇದೆ. ಸೆನೆಗಲ್‌ನಲ್ಲಿ ಸಾಫಿ ಫಾಯ್ ಅಂತ ಒಬ್ರು ಇದ್ರು, ನಿಮ್ಮ ಹಾಗೇ ಪ್ರೈಮರಿ ಸ್ಕೂಲ್ ಟೀಚರ್ರು. ಆಮೇಲೆ ಸಿನಿಮಾ ಕಲಿತು 1975ರಲ್ಲಿ 'ಕದ್ದು ಬೇಕಟ್' ಅಂತ ಒಂದು ಮಾಡಿದ್ರು. ನಗಬೇಡಿ, ಇದು ನಮ್ಮ 'ಕದ್ದು' ಅಲ್ಲ, ವೊಲೊಫ್ ಭಾಷೇಲಿ ರೈತನ ಮಾತು ಅಂತ ಅರ್ಥ. ಅಪ್ಪಟ ಡಾಕ್ಯುಮೆಂಟರಿ ಅಲ್ಲ, ಅರ್ಧ ಕಥೆ ಅರ್ಧ ನಿಜ, ಊರವರೇ ಊರವರಾಗಿ ನಟಿಸಿರೋದು. ಆ ಊರಿನ ಬೆಳೆ ಯಾವುದು ಗೊತ್ತಾ? ಶೇಂಗಾ! ಮಳೆ ಕೈಕೊಡುತ್ತೆ, ಶೇಂಗಾ ಹೋಗುತ್ತೆ, ಹುಡುಗನ ಹತ್ರ ತೆರ ಕೊಡೋಕೆ ದುಡ್ಡಿರಲ್ಲ, ಮದುವೆ ನಿಂತು ಅವನು ಡಾಕಾರ್‌ಗೆ ದುಡಿಯೋಕೆ ಹೋಗ್ತಾನೆ. ಇತ್ತ ಊರಿನ ಗಂಡಸರು ಮರದ ಕೆಳಗೆ ಕೂತು ಸಾಲದ ಮಾತು, ರೇಟಿನ ಮಾತು ಆಡ್ತಾರೆ. ನಿಮ್ಮ ಎಪಿಎಂಸಿ ಗೇಟಿನ ಮುಂದಿನ ಟೀ ಅಂಗಡಿಗೆ ಇದಕ್ಕಿಂತ ಹತ್ತಿರದ ಸಿನಿಮಾ ಇದ್ರೆ ನೀವೇ ಹೇಳಿ.

ಇನ್ನೊಂದು ವಿಷಯ. ಆ ಸಿನಿಮಾಕ್ಕೆ ಸಿಕ್ಕ ದುಡ್ಡು ಫ್ರೆಂಚ್ ಸರ್ಕಾರದ್ದು, ಆ ಸೀಮೆಯನ್ನ ಶೇಂಗಾ ಒಂದನ್ನೇ ನೆಚ್ಕೊಳ್ಳೋ ಹಾಗೆ ಮಾಡಿದ್ದೂ ಫ್ರೆಂಚರ ಆಳ್ವಿಕೆಯೇ. ಅವರ ಹಂಗಿನ ದುಡ್ಡು ತಗೊಂಡು ಅವರ ಬೆಳೆಯನ್ನೇ ಬೈದ ಹೆಂಗಸು. ಬರ್ಲಿನ್‌ನಲ್ಲಿ ಪ್ರಶಸ್ತಿ ಬಂತು, ಸ್ವಂತ ದೇಶದಲ್ಲಿ ಬ್ಯಾನ್ ಆಯ್ತು. 2023ರಲ್ಲಿ ತೀರ್ಕೊಂಡ್ರು, ನಮ್ಮ ಪೇಪರಲ್ಲಿ ಒಂದು ಸಾಲು ಕಂಡಿದ್ದು ನೆನಪಿಲ್ಲ ನನಗೆ.

ಅದಕ್ಕೂ ಹಿಂದಿನದ್ದು ಕೇಳಿ. ಫ್ರಾನ್ಸ್ 1934ರಲ್ಲಿ ಒಂದು ಆಜ್ಞೆ ತಂದಿತ್ತು, ಪಶ್ಚಿಮ ಆಫ್ರಿಕಾದ ವಸಾಹತುಗಳಲ್ಲಿ ಸಿನಿಮಾ ತೆಗೀಬೇಕಾದ್ರೆ ಪರ್ಮಿಷನ್ ಬೇಕು ಅಂತ. ಅಲ್ಲಿನ ನಿರ್ದೇಶಕ ಪೌಲಿನ್ ವಿಯೇರಾ ಮತ್ತು ಗೆಳೆಯರಿಗೆ ತಮ್ಮ ನೆಲದಲ್ಲಿ ಕ್ಯಾಮೆರಾ ಇಡೋಕೆ ಬಿಡ್ಲಿಲ್ಲ, ಅವರು 1955ರಲ್ಲಿ ಪ್ಯಾರಿಸ್‌ನಲ್ಲೇ ಅಲ್ಲಿನ ಆಫ್ರಿಕನ್ನರ ಮೇಲೆ ಕಿರುಚಿತ್ರ ತೆಗೆದ್ರು. ಹೊರಗಿನವರು ಮಾತ್ರ ಆ ನೆಲಕ್ಕೆ ಹೋಗಿ ಬೇಕಾದ್ದು ತೆಗೀತಾನೇ ಇದ್ರು.

ಒಳಗಿನವರು ತೆಗೆದ್ರೆ ಏನು ಬೇರೆ ಆಗುತ್ತೆ ಅಂತೀರಾ? 2019ರಲ್ಲಿ ಕೆನ್ಯಾದಿಂದ 'ದ ಲೆಟರ್' ಬಂತು, ಅಲ್ಲಿನ ಮಾಯಾ ಲೆಕೋ ಮತ್ತು ಹೊರದೇಶದಿಂದ ಬಂದು ಅಲ್ಲೇ ನೆಲೆಸಿದ ಅವರ ಗಂಡ ಕ್ರಿಸ್ಟೋಫರ್ ಕಿಂಗ್ ಮಾಡಿದ್ದು. ಕರಾವಳಿಯ ಹಳ್ಳಿ, ತೊಂಬತ್ತು ದಾಟಿದ ಅಜ್ಜಿ, ಮಾಟ ಮಾಡ್ತಾಳೆ ಅಂತ ಮನೆಯವರೇ ಆರೋಪ ಹೊರಿಸಿರ್ತಾರೆ, ಮೊಮ್ಮಗ ಪೇಟೆಯಿಂದ ಊರಿಗೆ ಬರ್ತಾನೆ. ಪ್ರವಾಸಿ ಕ್ಯಾಮೆರಾ ಆಗಿದ್ರೆ ಮಾಟ ಮಂತ್ರ ಡೋಲು ತೋರಿಸಿ ಮುಗಿಸಿರೋದು. ಇವರು ವರ್ಷಗಟ್ಟಲೆ ಆ ಅಂಗಳಕ್ಕೆ ಹೋಗಿ ಬಂದು ಮಾಡಿದ್ರು, ಅದಕ್ಕೇ ಅವರಿಗೆ ಕಂಡಿದ್ದು ಮಾಟ ಅಲ್ಲ, ಜಮೀನು. ಅಜ್ಜಿ ಹೋದ್ರೆ ಹೊಲ ಯಾರಿಗೆ ಅನ್ನೋ ಲೆಕ್ಕ. ಅಣ್ಣ ತಮ್ಮಂದಿರ ಪಾಲು ಪಂಚಾಯ್ತಿ ನೋಡಿದ ನಮಗೆ ಇದನ್ನ ಬಿಡಿಸಿ ಹೇಳಬೇಕಾ?

ಕಾಂಗೋದ ನಿರ್ದೇಶಕ ದಿಯುಡೊ ಹಮಾದಿ ಹುಟ್ಟಿದ್ದೇ ಕಿಸಂಗಾನಿಯಲ್ಲಿ. 2000ದ ಜೂನ್‌ನಲ್ಲಿ ಉಗಾಂಡ ಮತ್ತು ರ್ವಾಂಡ ಸೈನ್ಯಗಳು ಅದೇ ಊರೊಳಗೆ ಆರು ದಿನ ಹೊಡೆದಾಡಿದ್ವು, ಆಗ ಇವನಿಗೆ ಹೈಸ್ಕೂಲು ವಯಸ್ಸು. ಇಪ್ಪತ್ತು ವರ್ಷ ಆದ್ಮೇಲೆ ಬಂದ ಅವನ ಸಿನಿಮಾದಲ್ಲಿ, ಆ ಹೊಡೆದಾಟದಲ್ಲಿ ಕೈಕಾಲು ಕಳ್ಕೊಂಡವರ ಒಂದು ಗುಂಪು ಪರಿಹಾರ ಕೇಳೋಕೆ ನದಿ ಮೇಲೆ 1,700 ಕಿ.ಮೀ. ದೂರದ ರಾಜಧಾನಿ ಕಿನ್ಶಾಸಾಕ್ಕೆ ಹೊರಡುತ್ತೆ. ಜನ ಸಾಮಾನು ಒಂದರ ಮೇಲೊಂದು ತುಂಬಿದ ದೋಣಿ, ತಲೆ ಮೇಲೆ ಟಾರ್ಪಾಲು, ಮಳೆ ಹೊಡೆದಾಗ ಎಲ್ಲರೂ ಸೇರಿ ಅದನ್ನ ಹಿಡ್ಕೋಬೇಕು, ಮಧ್ಯೆ ಜಗಳ, ಹಾಡು, ಕಟ್ಟುಗಾಲು ಬಿಚ್ಚಿಟ್ಟು ಕೂತವರು. ಯಾರೂ ಕ್ಯಾಮೆರಾಕ್ಕೋಸ್ಕರ ಅಳಲ್ಲ, ಕ್ಯಾಮೆರಾನೂ ಅವರ ಜೊತೆ ನೆನೀತಾ ಇರುತ್ತೆ ಅಷ್ಟೆ. ಕಾಂಗೋಗೆ 32.5 ಕೋಟಿ ಡಾಲರ್ ಕೊಡಿ ಅಂತ ಅಂತರರಾಷ್ಟ್ರೀಯ ನ್ಯಾಯಾಲಯ ಉಗಾಂಡಕ್ಕೆ 2022ರಲ್ಲಿ ಹೇಳಿತು. ಸಿನಿಮಾದಿಂದ ಆಯ್ತು ಅಂತ ನಾನು ಹೇಳಲ್ಲ, ಆ ಕೇಸು ಎಷ್ಟೋ ಹಳೇದು. ಆದ್ರೆ ಆ ದುಡ್ಡು ಯಾರ ಕೈ ಸೇರಬೇಕು ಅನ್ನೋ ಮುಖಗಳು ನನಗೆ ಗೊತ್ತಿರೋದು ಆ ದೋಣಿಯಿಂದ.

ಇಂಥ ಕೆಲಸಕ್ಕೆ ದುಡ್ಡು ಬೇಕಾಗೋದು ಯಾವಾಗ? ಪ್ರಶಸ್ತಿ ಬಂದ್ಮೇಲೆ ಅಲ್ಲ ಮೇಷ್ಟ್ರೇ, ಅದು ಬಂದ್ಮೇಲೆ ಶಾಲು ಹೊದಿಸೋರು ಸಾಲು ನಿಲ್ತಾರೆ. ಬೇಕಾಗೋದು ಮೊದಲನೇ ವರ್ಷ, ಸಿನಿಮಾ ಆಗುತ್ತೋ ಇಲ್ವೋ ಗೊತ್ತಿಲ್ಲದಾಗ, ಬಸ್ ಚಾರ್ಜಿಗೆ, ಹಾರ್ಡ್ ಡಿಸ್ಕಿಗೆ, ಮನೆ ಬಾಡಿಗೆಗೆ. ಯೂರೋಪಿನ ಫಂಡುಗಳಿವೆ, ಒಳ್ಳೇದೇ, ಆದ್ರೆ ಎಷ್ಟೋ ಸಲ ಅಲ್ಲಿನ ನಿರ್ಮಾಪಕರೊಬ್ಬರನ್ನ ಜೊತೆ ಕಟ್ಕೊಂಡೇ ಹೋಗಬೇಕು, ಹಕ್ಕಿನಲ್ಲಿ ಪಾಲು ಅವರಿಗೂ ಹೋಗುತ್ತೆ. ಅದಕ್ಕೇ ನೈರೋಬಿಯಲ್ಲಿ ಜೂಡಿ ಕಿಬಿಂಗೆ ಅನ್ನೋ ನಿರ್ದೇಶಕಿ ಡಾಕ್ಯುಬಾಕ್ಸ್ ಅಂತ ಪೂರ್ವ ಆಫ್ರಿಕಾದವರಿಗೇ ಒಂದು ನಿಧಿ ಕಟ್ಟಿದ್ದು ನನಗೆ ಎಲ್ಲಕ್ಕಿಂತ ದೊಡ್ಡ ಸುದ್ದಿ.

ಈ ಅರ್ಜಿಗಳ ಕಥೆ ಬೇರೆ. ನಮ್ಮಲ್ಲಿ ಬರೀತಿದ್ದ ಹುಡುಗಿಯೊಬ್ಬಳು ಬೀಡಿ ಕಟ್ಟೋ ಹೆಂಗಸರ ಮೇಲೆ ಸಿನಿಮಾ ಮಾಡ್ತೀನಿ ಅಂತ ಒಂದು ಕಡೆ ಅರ್ಜಿ ಹಾಕಿದ್ಲು. ಇಪ್ಪತ್ತು ಪುಟ ಇಂಗ್ಲಿಷು, "ನಿಮ್ಮ ಸಿನಿಮಾದಿಂದ ಎಷ್ಟು ಜನರ ಬದುಕು ಬದಲಾಗುತ್ತೆ, ಸಂಖ್ಯೆ ಕೊಡಿ" ಅಂತ ಒಂದು ಕಾಲಂ. ನನ್ನ ಕೇಳಿದ್ಲು ಏನು ಬರೀಲಿ ಸಾರ್ ಅಂತ. ನಾನು 12 ಅಂತ ಬರಿ ಅಂದೆ. ಬರೆದ್ಲು ಪಾಪ, ಅರ್ಜಿ ಬಿದ್ದುಹೋಯ್ತು.

ಚಂದಾ ವಿಷಯ. ರಿಜಿಸ್ಟರ್ ತೆಗೆಸಿ ನೋಡಿದೆ, ನಿಮ್ಮದು ಮುಂದಿನ ಮೇ ತನಕ ಇದೆ, ಅಲ್ಲೀತನಕ ಪತ್ರಿಕೆ ಬರ್ತಾನೇ ಇರುತ್ತೆ. ಮುಂದಿನ ಸಲ ಬೈದು ಬರೆಯುವಾಗ ಈ ವರ್ಷ ಶೇಂಗಾ ರೇಟು ಹೇಗಿದೆ ಅಂತಾನೂ ಬರೀರಿ.