ಬಿಲ್ಟ್‌ಮೋರ್ ಮನೆಯ ಕ್ರಿಸ್‌ಮಸ್ ಅಲಂಕಾರ ನೋಡಲು ಹಗಲು ಒಳ್ಳೆಯದೋ, ರಾತ್ರಿಯೋ?

ಊರಿನಿಂದ ಬರುವ ಅಪ್ಪ ಅಮ್ಮನನ್ನು ಡಿಸೆಂಬರ್‌ನಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿರುವ, ಅರಮನೆಯಂಥ ಬಿಲ್ಟ್‌ಮೋರ್ ಮನೆಗೆ ಕರೆದೊಯ್ಯಬೇಕು, ಹಗಲಿನ ಟಿಕೆಟ್ ಸಾಕೇ, ರಾತ್ರಿಯದೇ ಬೇಕೇ ಎಂದು ಕೇಳಿದ್ದೀರಿ. ರಾತ್ರಿಯದನ್ನೇ ತೆಗೆದುಕೊಳ್ಳಿ. ನಾನಿರುವ ಶಾರ್ಲಟ್‌ನಿಂದ ಅದು ಎರಡು ಗಂಟೆಯ ದಾರಿ. ಒಮ್ಮೆ ಹಗಲಲ್ಲಿ ಗೆಳತಿಯರೊಂದಿಗೆ, ಇನ್ನೊಮ್ಮೆ ರಾತ್ರಿ ಅಮ್ಮನೊಂದಿಗೆ ಹೋಗಿ ಬಂದಿದ್ದೇನೆ.

ಆ ಮನೆಗೂ ಕ್ರಿಸ್‌ಮಸ್‌ಗೂ ಇರುವ ನಂಟು ಪ್ರವಾಸಿಗರಿಗಾಗಿ ಹುಟ್ಟಿಕೊಂಡದ್ದಲ್ಲ. 1889ರಲ್ಲಿ ಕಟ್ಟಲು ಹಿಡಿದ ಈ 250 ಕೋಣೆಗಳ ಮನೆಗೆ ಅದನ್ನು ಕಟ್ಟಿಸಿದ ಸಿರಿವಂತ ಜಾರ್ಜ್ ವ್ಯಾಂಡರ್‌ಬಿಲ್ಟ್ ತನ್ನ ಬಂಧುಬಳಗವನ್ನು ಮೊದಲು ಬರಮಾಡಿಕೊಂಡದ್ದೇ 1895ರ ಕ್ರಿಸ್‌ಮಸ್‌ನ ಮುನ್ನಾದಿನ. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದು ಗೃಹಪ್ರವೇಶ. ಸಾರ್ವಜನಿಕರಿಗೆ ಬಾಗಿಲು ತೆರೆದದ್ದು 1930ರಲ್ಲಿ.

ಭೋಜನದ ಹಜಾರದಲ್ಲಿ ಅವಸರ ಮಾಡಬೇಡಿ. ಚಾವಣಿ 70 ಅಡಿ ಎತ್ತರದಲ್ಲಿದೆ. ಅಲ್ಲಿ ನಿಲ್ಲಿಸುವ 35 ಅಡಿಯ ಫ್ರೇಸರ್ ಫರ್ ಮರವೂ ಅದರ ಅರ್ಧಕ್ಕೇ ನಿಲ್ಲುತ್ತದೆ. ಇದು ಅಲ್ಲಿನ ಬೆಟ್ಟಗಳದೇ ಮರ. ಕೊಂಬೆಯನ್ನು ಹತ್ತಿರದಿಂದ ನೋಡಿ: ಸೂಜಿಯಂತಹ ಎಲೆಗಳ ಮೇಲ್ಭಾಗ ಕಡುಹಸಿರು, ಅಡಿಯಲ್ಲಿ ವಿಭೂತಿ ಎಳೆದಂತೆ ಎರಡು ಬಿಳಿ ಗೆರೆ. ಕೊಂಬೆಗಳ ನಡುವೆ ಕಾಗದ ಸುತ್ತಿದ ಉಡುಗೊರೆಯ ಪೆಟ್ಟಿಗೆಗಳನ್ನು ಇಟ್ಟಿರುತ್ತಾರೆ. ಹಗಲಲ್ಲಿ ಇದೆಲ್ಲ ಚೆಂದದ ಅಲಂಕಾರ. ರಾತ್ರಿ ಅಗ್ಗಿಷ್ಟಿಕೆಯ ಬೆಂಕಿ, ಮೇಣದಬತ್ತಿಯ ಬೆಳಕು, ಪಕ್ಕದಲ್ಲೇ ಹಾಡುವವರ ದನಿ ಸೇರಿದಾಗ ಯಾರದೋ ಮನೆಯ ಹಬ್ಬಕ್ಕೆ ಬಂದಂತಾಗುತ್ತದೆ. ಒಂದೇ ನಷ್ಟವೆಂದರೆ ಗ್ರಂಥಾಲಯದ ಚಾವಣಿಯಲ್ಲಿರುವ, ಇಟಲಿಯ ಚಿತ್ರಕಾರ ಪೆಲೆಗ್ರಿನಿಯ ವರ್ಣಚಿತ್ರ ಮಂದ ಬೆಳಕಿನಲ್ಲಿ ಅಷ್ಟು ಚೆನ್ನಾಗಿ ಕಾಣುವುದಿಲ್ಲ.

ಮೆಟ್ಟಿಲುಗಳ ವಿಷಯದಲ್ಲಿ ಎಚ್ಚರವಿರಲಿ. ಸುತ್ತಿಕೊಂಡು ಏರುವ ದೊಡ್ಡ ಮೆಟ್ಟಿಲಸಾಲಿನಲ್ಲೇ 102 ಮೆಟ್ಟಿಲುಗಳಿವೆ. ಅಪ್ಪನಿಗೋ ಅಮ್ಮನಿಗೋ ಮಂಡಿನೋವಿದ್ದರೆ ಏನು ಅನುಕೂಲವಿದೆ ಎಂದು ಟಿಕೆಟ್ ಕೊಳ್ಳುವ ಮೊದಲೇ ವಿಚಾರಿಸಿ. ಹೊರಗೆ ಚಳಿ ಕೊರೆಯುತ್ತದೆ; ಕಿವಿ ಮುಚ್ಚುವ ಟೋಪಿ ಇರಲಿ.

ಕೆಳಗಿನ ನೆಲಮಾಳಿಗೆಯನ್ನು ಮಾತ್ರ ದಯವಿಟ್ಟು ಬಿಡಬೇಡಿ. ಸುಸ್ತಾಯಿತೆಂದು ಅಲ್ಲಿ ಬೇಗ ಬೇಗ ದಾಟಿಬಿಡುವವರೇ ಹೆಚ್ಚು. ಮುಖ್ಯ ಅಡುಗೆಮನೆ ಒಂದು, ಸಿಹಿತಿನಿಸು ಮಾಡಲು ಇನ್ನೊಂದು, ಮಾಂಸ ಸುಡಲು ಮತ್ತೊಂದು, ಬಟ್ಟೆ ಒಗೆಯುವ ಕೋಣೆ, ಒದ್ದೆ ಬಟ್ಟೆ ಹರವಿ ಒಣಗಲೆಂದು ಒಳಗೆ ತಳ್ಳುವ ಎತ್ತರದ ಮರದ ಚೌಕಟ್ಟುಗಳು. ಮೇಲೆ ಹೆಚ್ಚು ಮಾತಾಡದ ನಮ್ಮಮ್ಮ ಸಾಲಾಗಿ ಜೋಡಿಸಿದ್ದ ತಾಮ್ರದ ಪಾತ್ರೆಗಳ ಮುಂದೆ ನಿಂತುಬಿಟ್ಟರು. "ಇಷ್ಟನ್ನೆಲ್ಲ ಉಜ್ಜಿದವರು ಹಬ್ಬದ ದಿನ ಎಷ್ಟು ಹೊತ್ತಿಗೆ ಉಂಡರೋ ನೋಡೇ" ಎಂದರು. ನಲವತ್ತು ವರ್ಷ ಕೂಡುಕುಟುಂಬದಲ್ಲಿ ಹಬ್ಬದಡುಗೆ ಮಾಡಿದವರ ಪ್ರಶ್ನೆ ಅದು. ವ್ಯಾಂಡರ್‌ಬಿಲ್ಟ್ ದಂಪತಿ ಕೆಲಸದವರ ಮಕ್ಕಳನ್ನು ಕ್ರಿಸ್‌ಮಸ್‌ಗೆ ಕರೆದು ಮರದ ಬಳಿ ಉಡುಗೊರೆ ಕೊಡುತ್ತಿದ್ದರು ಎಂದು ಹೇಳಿದೆ. ಹಾಗಾದರೆ ಆ ಮರವನ್ನು ಇನ್ನೊಮ್ಮೆ ನೋಡಬೇಕು ಎಂದರು. ಹೊರಗೆ ಹೋಗುವ ದಾರಿ ಬೇರೆ ಕಡೆಗಿತ್ತು. ಅಲ್ಲಿದ್ದ ಸಿಬ್ಬಂದಿಯನ್ನು ಕೇಳಿದಾಗ ಬೇಡವೆನ್ನಲಿಲ್ಲ, ತಾವೇ ಮೇಲಕ್ಕೆ ಕರೆದುಕೊಂಡು ಹೋದರು.