ನನ್ನ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಎಂಜಿಬಿ ಓಡುವಾಗ ಸರಿ, ನಿಲ್ಲಿಸಿದಾಗ ಮಾತ್ರ ಐಡ್ಲಿಂಗ್ (ಆಕ್ಸಿಲರೇಟರ್ ತುಳಿಯದೆ ಇಂಜಿನ್ ಓಡುವುದು) ಒಂದೇ ಸಮ ಇರುತ್ತಿಲ್ಲ. ಇದರ ಎರಡು ಎಸ್‌ಯು ಕಂಪನಿಯ ಕಾರ್ಬುರೇಟರ್‌ಗಳಿಗೆ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಯಾವ ರಿಪೇರಿ ಕಿಟ್ ಒಳ್ಳೆಯದು? ಇಲ್ಲ, ಎರಡನ್ನೂ ಕಿತ್ತು ಒಂದು ವೆಬರ್ ಕಂಪನಿಯದ್ದು ಹಾಕಲಾ?

ಕಿಟ್ ಆಮೇಲೆ. ಮೊದಲು ಬಾನೆಟ್ ಎತ್ತಿ. ಎರಡೂ ಕಾರ್ಬುರೇಟರ್‌ಗಳ ಥ್ರಾಟಲ್ ಸ್ಪಿಂಡಲ್, ಅಂದರೆ ಗಾಳಿಯ ದಾರಿ ತೆರೆದು ಮುಚ್ಚುವ ಥ್ರಾಟಲ್ ತಟ್ಟೆಯನ್ನು ತಿರುಗಿಸುವ ಕಡ್ಡಿಯ ತುದಿಯನ್ನು ಬೆರಳಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ ನೋಡಿ. ಅದರಲ್ಲಿ ಪ್ಲೇ (ಸಡಿಲ) ಇದ್ದರೆ ಎಂಥ ಕಿಟ್ ತಂದರೂ ನಿಮ್ಮ ತೊಂದರೆ ಹೋಗುವುದಿಲ್ಲ.

ನೀವು ಬರೆದಿರುವುದು ನನ್ನ ಕಾರಿನದ್ದೇ ಕಥೆ. ನನ್ನದೂ ಎಂಜಿಬಿ, ಅದರಲ್ಲೂ ಎಸ್‌ಯುನ ಎಚ್‌ಎಸ್4 ಮಾದರಿಯ ಜೋಡಿ ಕಾರ್ಬುರೇಟರ್. ರಸ್ತೆಯಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಎಲ್ಲಾದರೂ ನಿಲ್ಲಿಸಿದರೆ ಮಾತ್ರ ಐಡ್ಲಿಂಗ್ ಏರುತ್ತಿತ್ತು, ಇಳಿಯುತ್ತಿತ್ತು, ಕೊನೆಗೆ ಇಂಜಿನ್ ಆಫ್. ಕಿಟ್ ಹಾಕಿದರೆ ಸರಿಹೋಗುತ್ತದೆ ಅಂದುಕೊಂಡು ಬಿಚ್ಚಿದೆ. ಕಾರ್ಬುರೇಟರ್ ಮೇಲಿನ ಡ್ಯಾಶ್‌ಪಾಟ್ ಡಬ್ಬಿ, ಅದರೊಳಗೆ ಏರಿಳಿಯುವ ಪಿಸ್ಟನ್ ತೊಳೆದೆ. ಹೊಸ ಜೆಟ್ (ಪೆಟ್ರೋಲ್ ಬರುವ ಸಣ್ಣ ನಳಿಗೆ), ನೀಡಲ್ (ಅದರೊಳಗೆ ಏರಿಳಿದು ಪೆಟ್ರೋಲ್ ಅಳೆಯುವ ಸೂಜಿ), ಫ್ಲೋಟ್ ವಾಲ್ವ್, ಗ್ಯಾಸ್ಕೆಟ್ ಎಲ್ಲ ಹಾಕಿದೆ. ಸ್ಟಾರ್ಟ್ ಮಾಡಿದರೆ ಅದೇ ಐಡ್ಲಿಂಗ್.

ಮುಂದೆ ಮಾಡಿದ್ದೇ ತಪ್ಪು. ಗಾಳಿ-ಪೆಟ್ರೋಲ್ ಮಿಕ್ಸ್ಚರ್‌ನಲ್ಲಿ ಪೆಟ್ರೋಲ್ ಸಾಲುತ್ತಿಲ್ಲ ಅಂತ ಗೊತ್ತಾಗುತ್ತಿತ್ತು. ಜೆಟ್ ಏರಿಸಿ ಇಳಿಸುವ ನಟ್ ತಿರುಗಿಸಿ ಜಾಸ್ತಿ ಕೊಟ್ಟೆ. ಐಡ್ಲಿಂಗ್ ಒಂದೇ ಸಮ ಆಯಿತು, ಕೆಲಸ ಮುಗಿಯಿತು ಅಂದುಕೊಂಡೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಿಟ್ ಹಾಕಿದ ಮೇಲೆ ನಿಮ್ಮ ಕೈಯೂ ಅದೇ ನಟ್‌ಗೆ ಹೋಗುತ್ತದೆ.

ಸ್ಪಿಂಡಲ್ ಕೂರುವ ತೂತು ಕಾರ್ಬುರೇಟರ್‌ನ ಬಾಡಿಯಲ್ಲೇ ಇದೆ. ಆಕ್ಸಿಲರೇಟರ್ ತುಳಿದಾಗಲೆಲ್ಲ ಸ್ಪಿಂಡಲ್ ಅದರೊಳಗೆ ಉಜ್ಜುತ್ತದೆ. ವರ್ಷಗಳು ಕಳೆದಂತೆ ಸ್ಪಿಂಡಲ್ ಸವೆಯುತ್ತದೆ, ತೂತಿನ ದುಂಡು ಕೆಡುತ್ತದೆ, ಸಂದಿ ಬೀಳುತ್ತದೆ. ಐಡ್ಲಿಂಗ್‌ನಲ್ಲಿ ಥ್ರಾಟಲ್ ಹೆಚ್ಚುಕಮ್ಮಿ ಮುಚ್ಚಿರುತ್ತದೆ. ಒಳಗೆ ಹೋಗುವ ಗಾಳಿ ಕಡಿಮೆ, ಆದರೆ ಇಂಜಿನ್‌ಗೆ ಹೋಗುವ ಮ್ಯಾನಿಫೋಲ್ಡ್ ಕೊಳವೆಯಲ್ಲಿ ಎಳೆತ ಜೋರು. ಆಗ ಆ ಸಂದಿಯಿಂದ ನುಗ್ಗುವ ಗಾಳಿಯೇ ಒಂದು ದೊಡ್ಡ ಪಾಲು. ಅದು ಜೆಟ್ ಮೇಲೆ ಹಾದು ಬಂದ ಗಾಳಿಯಲ್ಲ, ಹಾಗಾಗಿ ಅದರ ಜೊತೆ ಪೆಟ್ರೋಲ್ ಇಲ್ಲ. ಥ್ರಾಟಲ್ ತೆರೆದುಕೊಂಡರೆ ಒಳಬರುವ ಗಾಳಿಯ ಮುಂದೆ ಈ ಸೋರಿಕೆ ಲೆಕ್ಕಕ್ಕೇ ಇಲ್ಲ. ಓಡುವಾಗ ಸರಿ, ನಿಂತಾಗ ತೊಂದರೆ, ಅಲ್ವಾ? ಕಾರಣ ಇದು.

ಸೋಲೆಕ್ಸ್, ವೆಬರ್ ಕಂಪನಿಗಳ ಕಾರ್ಬುರೇಟರ್‌ಗಳಲ್ಲಿ ಐಡ್ಲಿಂಗ್‌ಗೆ ಬೇರೆ ದಾರಿ, ಬೇರೆ ಸ್ಕ್ರೂ ಇರುತ್ತದೆ. ಎಚ್‌ಎಸ್4ನಲ್ಲಿ ಎಲ್ಲದಕ್ಕೂ ಒಂದೇ ಜೆಟ್, ಒಂದೇ ನೀಡಲ್. ಜೆಟ್ ಇಳಿಸಿದರೆ ಐಡ್ಲಿಂಗ್‌ನಿಂದ ಹಿಡಿದು ಫುಲ್ ಥ್ರಾಟಲ್‌ವರೆಗೆ ಪೆಟ್ರೋಲ್ ಜಾಸ್ತಿ. ಸೋರಿಕೆಗೆ ಸರಿದೂಗಿಸಲು ಕೊಟ್ಟ ಪೆಟ್ರೋಲ್, ರಸ್ತೆಯಲ್ಲಿ ಓಡುವಾಗಲೂ ಸುರಿಯುತ್ತಲೇ ಇತ್ತು. ಪ್ಲಗ್‌ಗಳು ಮಸಿ ಹಿಡಿದವು. ಹೊಸ ಪ್ಲಗ್ ಹಾಕಿ ಓಡಿಸಿದೆ. ಉರಿಯದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದುಕೊಂಡು ಕೆಳಗಿನ ಆಯಿಲ್ ಸಂಪ್‌ಗೆ ಇಳಿಯುತ್ತಿತ್ತು. ಡಿಪ್‌ಸ್ಟಿಕ್‌ನಲ್ಲಿ ಪೆಟ್ರೋಲ್ ವಾಸನೆ ಬಂದಾಗಲೇ ನನಗೆ ಗೊತ್ತಾಗಿದ್ದು. ಅಷ್ಟರಲ್ಲಿ ಇಂಜಿನ್‌ನ ಪಿಸ್ಟನ್ ರಿಂಗ್ ಸವೆದು ಕಂಪ್ರೆಷನ್ ಬಿದ್ದಿತ್ತು. ಇಂಜಿನ್ ಇಳಿಸಬೇಕಾಯಿತು. ಸ್ಪಿಂಡಲ್ ಅಲ್ಲಾಡಿಸಿ ನೋಡುವುದು ಅರ್ಧ ನಿಮಿಷದ ಕೆಲಸ. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಬೆರಳಿಗೆ ಅನುಮಾನ ಬಂದರೆ ಇಂಜಿನ್ ಬಿಸಿ ಮಾಡಿ, ಐಡ್ಲಿಂಗ್‌ನಲ್ಲಿ ಸ್ಪಿಂಡಲ್‌ನ ಎರಡೂ ತುದಿಗೆ ತೆಳು ಆಯಿಲ್ ಒಂದೆರಡು ಹನಿ ಬಿಡಿ. ಇಂಜಿನ್ ಸದ್ದು ಬದಲಾದರೆ ಗಾಳಿ ಅಲ್ಲಿಂದಲೇ ಹೋಗುತ್ತಿದೆ. ಕ್ಲೀನರ್ ಸ್ಪ್ರೇ ಹೊಡೆದು ನೋಡಿ ಅನ್ನುವವರಿದ್ದಾರೆ. ಖಂಡಿತ ಬೇಡ. ಎಂಜಿಬಿಯಲ್ಲಿ ಬಿಸಿ ಹೊಗೆ ಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕಾರ್ಬುರೇಟರ್ ಇರುವ ಬದಿಯಲ್ಲೇ ಇದೆ, ಬೆಂಕಿ ಹತ್ತೀತು.

ಸೋರುತ್ತಿದ್ದರೆ ಬಾಡಿಯನ್ನು ಒಳ್ಳೆ ಮಶಿನ್ ಶಾಪ್‌ಗೆ ಕೊಟ್ಟು ಸವೆದ ತೂತಿಗೆ ಬುಶ್ (ಲೋಹದ ಬಳೆ) ಹಾಕಿಸಿ, ಹೊಸ ಸ್ಪಿಂಡಲ್ ಕೂರಿಸಿ. ಕೈ ಡ್ರಿಲ್ಲಿನಲ್ಲಿ ಮಾಡಲು ಹೋಗಬೇಡಿ, ಎರಡು ಬದಿಯ ತೂತು ಒಂದೇ ಗೆರೆಯಲ್ಲಿ ಬರುವುದಿಲ್ಲ. ಬಿಚ್ಚುವಾಗ ಥ್ರಾಟಲ್ ಡಿಸ್ಕ್ ಯಾವ ಮುಖ ಯಾವ ಕಡೆಗಿತ್ತು ಅಂತ ಗುರುತು ಹಾಕಿಕೊಳ್ಳಿ. ಅದರ ಸ್ಕ್ರೂಗಳ ತುದಿ ಸೀಳಿ ಅಗಲ ಮಾಡಿರುತ್ತಾರೆ, ಸಡಿಲವಾಗಿ ಇಂಜಿನ್ ಒಳಗೆ ಬೀಳದಿರಲಿ ಅಂತ. ಆ ತುದಿ ಕೂಡಿಸಿ ಆಮೇಲೆ ಬಿಚ್ಚಿ. ಮತ್ತೆ ಹಾಕುವಾಗ ಹೊಸ ಸ್ಕ್ರೂ ಹಾಕಿ, ಅದರ ತುದಿಯನ್ನೂ ಹಾಗೇ ಅಗಲ ಮಾಡಿ. ಒಂದರ ಡ್ಯಾಶ್‌ಪಾಟ್ ಇನ್ನೊಂದರ ಪಿಸ್ಟನ್ ಜೊತೆ ಬೆರೆಯಬಾರದು, ಅವು ಜೋಡಿಯಾಗಿ ಹೊಂದಿಸಿದವು.

ಎರಡನ್ನೂ ಕಿತ್ತು ಒಂದು ವೆಬರ್ ಹಾಕಲಾ ಅಂತಲೂ ಕೇಳಿದ್ದೀರಿ. ನನ್ನ ಮಾತು ಕೇಳುವುದಾದರೆ ಬೇಡ. ಎಸ್‌ಯುನಲ್ಲಿ ಕೆಡುವಂಥದ್ದೇ ಕಡಿಮೆ. ಇಂಜಿನ್ ಎಳೆದಷ್ಟು ಗಾಳಿಗೆ ತಕ್ಕಂತೆ ಪಿಸ್ಟನ್ ತಾನೇ ಏಳುತ್ತದೆ. ಇಷ್ಟು ಸರಳವಾದದ್ದನ್ನು ಬಿಸಾಡಲು ನನಗಂತೂ ಮನಸ್ಸು ಬರುವುದಿಲ್ಲ.

ಬುಶ್ ಆದ ಮೇಲೆ ಮೊದಲು ವಾಲ್ವ್ ಕ್ಲಿಯರೆನ್ಸ್, ಪಾಯಿಂಟ್ ಗ್ಯಾಪ್, ಟೈಮಿಂಗ್ ನೋಡಿ. ಇವು ಕೆಟ್ಟಿದ್ದರೆ ಕಾರ್ಬುರೇಟರ್ ಟ್ಯೂನಿಂಗ್ ಸುಮ್ನೆ. ಡ್ಯಾಶ್‌ಪಾಟ್‌ಗೆ 20 ಗ್ರೇಡ್ ಆಯಿಲ್ ಹಾಕಿ. ಪಿಸ್ಟನ್ ಎತ್ತಿ ಬಿಟ್ಟರೆ ಟಕ್ ಅಂತ ಬೀಳಬೇಕು. ಜೆಟ್ ಅನ್ನು ಬ್ರಿಡ್ಜ್ (ಪಿಸ್ಟನ್ ಕೆಳಗೆ ಬಂದು ಕೂರುವ ಜಾಗ) ಮಟ್ಟಕ್ಕೆ ಏರಿಸಿ, ಅಲ್ಲಿಂದ ನಟ್ ಎರಡು ಸುತ್ತು ಇಳಿಸಿ ಶುರು ಮಾಡಿ. ಎರಡು ಕಾರ್ಬುರೇಟರ್‌ಗಳನ್ನು ಜೋಡಿಸುವ ಲಿಂಕೇಜ್ ಸಡಿಲಿಸಿ, ಒಂದು ರಬ್ಬರ್ ಟ್ಯೂಬ್ ಕಿವಿಗೆ ಹಿಡಿದು ಎರಡರ ಉಸಿರಿನ ಸದ್ದನ್ನೂ ಒಂದೇ ಮಟ್ಟಕ್ಕೆ ತನ್ನಿ. ಆಮೇಲೆ ಕಾರ್ಬುರೇಟರ್ ಪಕ್ಕದ ಪಿನ್ ಒತ್ತಿ ಪಿಸ್ಟನ್ ಒಂದು ಮಿಲಿಮೀಟರ್‌ಗಿಂತ ಕಡಿಮೆ ಎತ್ತಿ. ಇಂಜಿನ್ ವೇಗ ಏರಿ ಅಲ್ಲೇ ನಿಂತರೆ ಪೆಟ್ರೋಲ್ ಜಾಸ್ತಿ, ತಕ್ಷಣ ಕುಸಿದರೆ ಕಡಿಮೆ. ಒಂದು ಗಳಿಗೆ ತುಸು ಏರಿ ಮತ್ತೆ ಮೊದಲಿನಂತಾದರೆ ಆ ನಟ್ ಮತ್ತೆ ಮುಟ್ಟಬೇಡಿ.