ಸಂಪಾದಕರ ಉತ್ತರ: ವೆನಿಸ್‌ನ ಕಾಲುವೆ ಮುಚ್ಚಿದ್ದು ಸರಿಯೇ?

ದಾವಣಗೆರೆಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಲೋಕೋಪಯೋಗಿ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದು ನಿವೃತ್ತರಾದವರು. ಲಾಸ್ ಏಂಜಲೀಸ್‌ನಲ್ಲಿರುವ ಮಗಳ ಮನೆಗೆ ಹೋದಾಗ ಅಲ್ಲಿನ ಕಡಲತೀರದ ವೆನಿಸ್ ಬಡಾವಣೆ ನೋಡಿ ಬಂದಿದ್ದಾರೆ. ಅವರ ಮಾತಿನ ತಿರುಳು ಇಷ್ಟು: "ಇಟಲಿಯ ವೆನಿಸ್ ನೋಡಿ ಯಾರೋ ಸಿರಿವಂತ ಮಾಡಿದ ನಕಲು ಅದು. ನಿಂತ ನೀರು, ವಾಸನೆ. ಹೆಚ್ಚಿನ ಕಾಲುವೆ ಮುಚ್ಚಿ ರಸ್ತೆ ಮಾಡಿದ್ದೇ ಸರಿ. ಉಳಿದ ಆರನ್ನು ಯಾಕೆ ಬಿಟ್ಟರೋ ತಿಳಿಯಲಿಲ್ಲ. ಊರು ಬೆಳೆಯಬೇಕಾದರೆ ರಸ್ತೆ ಬೇಕು."

ಸರ್, ನಿಮ್ಮ ಪತ್ರ ಓದಿದ ಮೇಲೆ ಎರಡು ದಿನ ನನಗೆ ಬೇರೆ ಕೆಲಸ ಹತ್ತಲಿಲ್ಲ. ಇಷ್ಟು ಬಿಚ್ಚುಮನಸ್ಸಿನಿಂದ ಬರೆಯುವವರು ಈಗ ಕಡಿಮೆ. ವಾಸನೆಯ ಮಾತು ನಿಜ, ಒಪ್ಪಿದೆ. ಸಮುದ್ರದ ನೀರು ಒಳಗೆ ಬಂದು ಸರಿಯಾಗಿ ಹೊರಗೆ ಹೋಗುವ ಏರ್ಪಾಡು ಅಲ್ಲಿ ಮೊದಲಿನಿಂದಲೂ ಸಾಲದಾಗಿತ್ತು. ಆದರೆ "ಯಾರೋ ಸಿರಿವಂತ" ಎಂದಿರಲ್ಲ, ಅಲ್ಲಿ ನಿಮ್ಮನ್ನು ಸ್ವಲ್ಪ ತಡೆಯಬೇಕು.

ಆತನ ಹೆಸರು ಆಬಟ್ ಕಿನ್ನಿ. ಹುಟ್ಟಿದ್ದು 1850ರಲ್ಲಿ. ಸಿಗರೇಟು ವ್ಯಾಪಾರದಲ್ಲಿ ದುಡ್ಡು ಮಾಡಿದ, ಆದರೆ ಉಬ್ಬಸ ಆತನನ್ನು ನೆಮ್ಮದಿಯಿಂದ ಮಲಗಲು ಬಿಡಲಿಲ್ಲ. 1880ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾಕ್ಕೆ ಬಂದಾಗ ಹೋಟೆಲಿನಲ್ಲಿ ರೂಮು ಸಿಗದೆ ಬಿಲಿಯರ್ಡ್ಸ್ ಮೇಜಿನ ಮೇಲೆ ಮಲಗಿದನಂತೆ. ಬೆಳಗ್ಗೆ ಎದ್ದರೆ ಉಸಿರು ಹಗುರ. ಆ ಸೀಮೆಯಲ್ಲೇ ಉಳಿದುಬಿಟ್ಟ. ಕಾಡು ಉಳಿಸಲು ಓಡಾಡಿದ. ನೀಲಗಿರಿ ಮರದ ಬಗ್ಗೆ ಪುಸ್ತಕವನ್ನೇ ಬರೆದ. ಅಲ್ಲಿನ ಮೂಲನಿವಾಸಿಗಳ ಕಷ್ಟ ಕಣ್ಣಾರೆ ನೋಡಲು ಲೇಖಕಿ ಹೆಲೆನ್ ಹಂಟ್ ಜಾಕ್ಸನ್ ಜೊತೆ ಸುತ್ತಿ, 1883ರಲ್ಲಿ ಸರ್ಕಾರಕ್ಕೆ ವರದಿ ಕೊಟ್ಟ. ಸುಮ್ನೆ ಶೋಕಿಗೆ ಕಾಲುವೆ ತೋಡಿಸಿದವನಲ್ಲ ಸರ್.

1904ರಲ್ಲಿ ಕಡಲತೀರದ ಜಮೀನಿನ ಪಾಲುದಾರರಿಂದ ಬೇರೆಯಾಗುವಾಗ, ಯಾವ ಭಾಗ ಯಾರಿಗೆ ಎಂದು ನಾಣ್ಯ ಚಿಮ್ಮಿದರು. ಗೆದ್ದದ್ದು ಕಿನ್ನಿ. ಆಗಲೇ ಮನೆ ಎದ್ದಿದ್ದ ಭಾಗ ಬಿಟ್ಟು, ತೆಂಕಣ ಜವುಗು ನೆಲ ಆರಿಸಿಕೊಂಡ. ಜವುಗಿನಲ್ಲಿ ಊರು ಕಟ್ಟಬೇಕಾದರೆ ಮೊದಲು ನೀರಿಗೆ ದಾರಿ ಮಾಡಬೇಕು. ಇದನ್ನು ನಿಮಗೆ ನಾನು ಹೇಳಬೇಕೇ? ಚೆಂದದ ಜೊತೆಗೆ ಆ ಕಾಲುವೆಗಳಿಗೆ ಬಸಿಗಾಲುವೆಯ ಕೆಲಸವೂ ಇತ್ತು. 1905ರ ಮೊದಲ ತಿಂಗಳುಗಳಲ್ಲಿ ಬಿರುಗಾಳಿ ಬಂದು ಕಟ್ಟುತ್ತಿದ್ದ ಪಿಯರ್ (ಸಮುದ್ರದೊಳಕ್ಕೆ ಚಾಚಿದ ಅಟ್ಟಣೆ) ಹಾಳಾಯಿತು. ಆತ ಬಿಡಲಿಲ್ಲ, ಮತ್ತೆ ಕಟ್ಟಿಸಿದ. ಅದೇ ವರ್ಷ ಜುಲೈ 4ಕ್ಕೆ 'ವೆನಿಸ್ ಆಫ್ ಅಮೆರಿಕ' ಬಾಗಿಲು ತೆರೆಯಿತು. ಏಳು ಕಾಲುವೆ, ಒಂದು ಕೊಳ, ಕಮಾನುಗಳ ಬೀದಿ, ಇಟಲಿಯಿಂದ ತರಿಸಿದ ಗೊಂಡೋಲ ದೋಣಿಗಳು. ಜನ ಬಂದದ್ದು ಟ್ರಾಮಿನಲ್ಲಿ. ಇಳಿದು ನಡೆದರು, ಇಲ್ಲ ದೋಣಿ ಹತ್ತಿದರು.

ಕಿನ್ನಿಗೆ ಬೇಕಿದ್ದದ್ದು ಭಾಷಣ, ಸಂಗೀತ, ನಾಟಕ. ಸಾರಾ ಬರ್ನಾರ್ಡ್‌ಳಂಥ ನಟಿ 1906ರಲ್ಲಿ ಅಲ್ಲಿ ಆಡಿದ್ದಾಳೆ. ಜನಕ್ಕೆ ಬೇಕಿದ್ದದ್ದು ಜಾತ್ರೆ. ಕೊನೆಗೆ ಜಾತ್ರೆಯನ್ನೇ ಕೊಟ್ಟ: ಉಪ್ಪುನೀರಿನ ಈಜುಕೊಳ, ಪುಟಾಣಿ ರೈಲು, ಒಂಟೆ ಸವಾರಿ.

ನೀವು ಬರೆಯದ ಒಂದು ಸಂಗತಿ ನಾನೇ ಹೇಳಿಬಿಡುತ್ತೇನೆ, ಅದು ನನ್ನ ಕಿನ್ನಿಗೆ ಶೋಭೆ ತರುವಂಥದ್ದಲ್ಲದಿದ್ದರೂ. ಆ ಊರಿನಲ್ಲಿ ಕಪ್ಪು ಜನ ಕಾಲುವೆ ದಂಡೆಯಲ್ಲಿ ಮನೆ ಮಾಡುವಂತಿರಲಿಲ್ಲ. ಅವರಿಗೆ ಓಕ್‌ವುಡ್ ಎಂಬ ಬೇರೆ ಕೇರಿ. ಕಿನ್ನಿಯ ಕಾರು ಓಡಿಸುತ್ತಿದ್ದ ಅರ್ವಿನ್ ಟೇಬರ್ ಆ ಕೇರಿಯವನು. ಯಜಮಾನ ತನ್ನ ಮನೆಯನ್ನೇ ಟೇಬರ್ ಹೆಸರಿಗೆ ಬಿಟ್ಟುಹೋದ. ಆದರೆ ಮನೆ ಇದ್ದ ಜಾಗದಲ್ಲಿ ಆತ ವಾಸ ಮಾಡಲು ಆಗಲಿಲ್ಲ. ಹಾಗಾಗಿ ಟೇಬರ್ ಆ ಇಡೀ ಮನೆಯನ್ನು ಓಕ್‌ವುಡ್‌ಗೆ ಸಾಗಿಸಿಕೊಂಡ. ಇದನ್ನು ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿ ಹೊರಗೆ ಹೋಗಿ ಕೂತಿದ್ದೆ.

ಈಗ ನಿಮ್ಮ ರಸ್ತೆಯ ಮಾತಿಗೆ ಬರೋಣ. 1920ರ ನವೆಂಬರಿನಲ್ಲಿ ಕಿನ್ನಿ ತೀರಿಕೊಂಡ. ಮರುತಿಂಗಳೇ ಪಿಯರ್ ಸುಟ್ಟುಹೋಯಿತು. 1925ರಲ್ಲಿ ಜನ ಮತ ಹಾಕಿ ಊರನ್ನು ಲಾಸ್ ಏಂಜಲೀಸ್‌ಗೆ ಸೇರಿಸಿದರು. ಅಷ್ಟರಲ್ಲಿ ಟ್ರಾಮಿನ ಜನ ಕಾರು ಕೊಂಡಿದ್ದರು. ಕಾರು ನಿಲ್ಲಿಸಲು ಜಾಗ ಬೇಕಿತ್ತು. ನಗರದವರು ಕಾಲುವೆ ಮುಚ್ಚಲು ಹೊರಟರು. ದಂಡೆಯ ಮನೆಯವರು ಕೋರ್ಟಿಗೆ ಹೋದರು. ರಾಜ್ಯದ ಸುಪ್ರೀಂ ಕೋರ್ಟಿನವರೆಗೂ ಹೋಗಿ ಸೋತರು. 1929ರಲ್ಲಿ ಲಾರಿಗಟ್ಟಲೆ ಮಣ್ಣು ಬಿತ್ತು. ಕೋರಲ್ ಕಾಲುವೆ ಮೇನ್ ಸ್ಟ್ರೀಟ್ ಆಯಿತು. ಕೊಳ ವಾಹನಗಳ ವೃತ್ತವಾಯಿತು. ಅದೇ ವರ್ಷದ ಕೊನೆಗೆ ಅಲ್ಲೇ ಎಣ್ಣೆ ಸಿಕ್ಕಿ, ಮನೆಗಳ ನಡುವೆ ಕೊರೆಯುವ ಗೋಪುರಗಳು ಎದ್ದವು. ರಸ್ತೆ ಬಂತು, ಕಾರು ಬಂತು, ಏಳಿಗೆ ಮಾತ್ರ ಬರಲಿಲ್ಲ ಸರ್. ಆ ಬಡಾವಣೆ ದಶಕಗಟ್ಟಲೆ ಸೊರಗಿತು.

ಉಳಿದ ಆರನ್ನು ಯಾಕೆ ಬಿಟ್ಟರು ಎಂದು ಕೇಳಿದ್ದೀರಿ. ಉಳಿಸಬೇಕೆಂದು ಯಾರೂ ಬಿಡಲಿಲ್ಲ. ಅವು ಕಿನ್ನಿಯ ಏಳು ಕಾಲುವೆಗಳ ಪಕ್ಕ ಬೇರೆಯವರು ತೋಡಿಸಿದವು. ಅಲ್ಲಿ ಮನೆಗಳು ತೀರ ಕಡಿಮೆ, ಮುಚ್ಚುವ ಖರ್ಚು ಹೊರಿಸಲು ಜನ ಸಾಲದು. ಮೇಲೆ ಆರ್ಥಿಕ ಕುಸಿತ. ದುಡ್ಡಿಲ್ಲದೆ ಉಳಿದ ಆ ಕಾಲುವೆಗಳ ದಂಡೆಯಲ್ಲಿ ಈಗ ಮನೆ ಕೊಳ್ಳಲು ಕೋಟಿಗಟ್ಟಲೆ ಸುರಿಯಬೇಕು.

ಅವನ್ನು ಸರಿ ಮಾಡಿದ್ದು ಯಾರು ಗೊತ್ತಾ? ನಿಮ್ಮಂಥ ಇಂಜಿನಿಯರುಗಳು. 1942ರಲ್ಲೇ ದಂಡೆಯ ಕಾಲುದಾರಿಗಳು ಓಡಾಡಲು ಯೋಗ್ಯವಲ್ಲ ಎಂದು ಮುಚ್ಚಿದ್ದರು. 1990ರ ದಶಕದ ಶುರುವಿನಲ್ಲಿ ಹೂಳೆತ್ತಿ, ದಡಕ್ಕೆ ಹೊಸ ಕಟ್ಟೆ ಕಟ್ಟಿ, ಕಾಲುದಾರಿ ಹಾಕಿ, 1993ರಲ್ಲಿ ಮತ್ತೆ ತೆರೆದರು. ತೂಬಿನ ಬಾಗಿಲು ಎತ್ತಿ ಇಳಿಸಿ, ಉಬ್ಬರ ಇಳಿತಕ್ಕೆ ತಕ್ಕಂತೆ ನೀರು ಬದಲಾಯಿಸುತ್ತಾರೆ. ವಾಸನೆಗೆ ಔಷಧಿ ತೂಬಿನಲ್ಲಿತ್ತು. 1929ರಲ್ಲಿ ಅದನ್ನು ಹುಡುಕುವ ತಾಳ್ಮೆ ತೋರಿಸಲಿಲ್ಲ.

ನನಗೆ ಯಾಕಿಷ್ಟು ಸಂಕಟ ಅಂದರೆ, ನಾನು ಬೆಳೆದ ಬೀದಿಯಲ್ಲೂ ಒಂದು ಕಾಲುವೆ ಇತ್ತು. ಅಜ್ಜಿ ಅದರ ದಂಡೆಯಲ್ಲಿ ಕೆಸುವಿನೆಲೆ ಕೊಯ್ಯುತ್ತಿದ್ದಳು. ನಾನು ಹೈಸ್ಕೂಲಿಗೆ ಹೋಗುವಾಗ ಅದರ ಮೇಲೆ ಚಪ್ಪಡಿ ಹಾಸಿದರು, ಆಮೇಲೆ ಅಂಗಡಿ ಸಾಲು ಎದ್ದಿತು. ಈಗ ಜೋರು ಮಳೆ ಬಂದರೆ ನೀರು ನಮ್ಮ ಹಳೇ ಮನೆಯ ಜಗಲಿ ಹತ್ತುತ್ತದೆ. ಬೆಂಗಳೂರಿನಲ್ಲಿ ಧರ್ಮಾಂಬುಧಿ ಕೆರೆ ಇದ್ದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ, ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ. 2022ರ ಸೆಪ್ಟೆಂಬರಿನಲ್ಲಿ ಐಟಿ ಕಂಪನಿಯವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು, ನೆನಪಿದೆಯಲ್ವಾ? ರಾಜಕಾಲುವೆ ಒತ್ತಿ ಕಟ್ಟಿದ್ದಕ್ಕೆ ನೀರು ಬೇರೆ ಎಲ್ಲಿಗೆ ಹೋಗಬೇಕಿತ್ತು? ರಸ್ತೆ ಬೇಕು ಅನ್ನುವವರು ಜಾಸ್ತಿ, ನೀರಿಗೂ ದಾರಿ ಬೇಕು ಅನ್ನುವವರು ಕಡಿಮೆ. ಮೂವತ್ತು ವರ್ಷ ರಸ್ತೆ ಕಟ್ಟಿದ ನೀವು ಈ ಎರಡನೇ ಮಾತು ಹೇಳಿದರೆ ಕೇಳುವವರಿದ್ದಾರೆ. ಸಂಪಾದಕ ಹೇಳಿದರೆ ಯಾರು ಕೇಳುತ್ತಾರೆ?

ಮುಂದಿನ ಸಲ ಮಗಳ ಮನೆಗೆ ಹೋದಾಗ ಗ್ರ್ಯಾಂಡ್ ಬುಲೆವಾರ್ಡ್ ಎಂಬ ರಸ್ತೆಯಲ್ಲಿ ನಡೆಯಿರಿ. ಅದು ಗ್ರ್ಯಾಂಡ್ ಕಾಲುವೆಯ ಮುಚ್ಚಿದ ಭಾಗ. ಅಲ್ಲಿಂದ ನೇರ ಉಳಿದ ಕಾಲುವೆಗಳ ಹತ್ತಿರ ಹೋಗಿ, ಸಂಜೆ ಹೊತ್ತು ಒಂದು ಸೇತುವೆ ಮೇಲೆ ನಿಲ್ಲಿ. ಮಗಳನ್ನೂ ಕರೆದುಕೊಂಡು ಹೋಗಿ. ಆಮೇಲೆ ಬರೆಯಿರಿ. ಆಗಲೂ ಮುಚ್ಚಿದ್ದೇ ಸರಿ ಅನ್ನಿಸಿದರೆ, ಆ ಪತ್ರವನ್ನೂ ಒಂದಕ್ಷರ ಬಿಡದೆ ಅಚ್ಚು ಹಾಕುತ್ತೇವೆ.